ಮೈಬಣ್ಣ ರಾಡಿಯಾಗದ ಹಾಗೆ, ಬೆಳಕು ಸಾಯದ ಹಾಗೆ: ಮನುಷ್ಯರ ಚಿತ್ರಕ್ಕೆ ಬಣ್ಣ ಹಚ್ಚುವ ಸಮಗ್ರ ಮಾರ್ಗದರ್ಶಿ

ನನ್ನ ಭಾನುವಾರದ ಕ್ಲಾಸಿಗೆ ಬರುವ ತುಂಬಾ ಜನರಿಗೆ ಚಿತ್ರ ಬರೆಯೋದು ಚೆನ್ನಾಗೇ ಬರುತ್ತದೆ. ಮೂಗು ಮೂಗಿನ ಜಾಗದಲ್ಲಿರುತ್ತದೆ, ಕೈ ಕೈಯ ಹಾಗೇ ಕಾಣುತ್ತದೆ. ಬಣ್ಣ ಹಚ್ಚಿದ ಮೇಲೆ ಕಷ್ಟ ಶುರು. ಬೆಳಕು ಬಿದ್ದ ಕೆನ್ನೆ ಸುಣ್ಣ ಹೊಡೆದ ಗೋಡೆಯ ಹಾಗೆ, ನೆರಳು ಮಸಿ ಮೆತ್ತಿದ ಹಾಗೆ, ನಡುವೆ ಇರುವುದೆಲ್ಲ ರಾಡಿ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಯಾವ ಬಣ್ಣ ಸೇರಿಸಲಿ?"

ಬಣ್ಣ ಸೇರಿಸಿ ಸರಿ ಮಾಡುವ ತಪ್ಪು ಅಲ್ಲ ಇದು. ಯಾವ ಜಾಗ ಬೆಳಕಿನಲ್ಲಿದೆ, ಯಾವ ಜಾಗ ನೆರಳಿನಲ್ಲಿದೆ ಅಂತ ಮೊದಲೇ ತೀರ್ಮಾನ ಮಾಡದೆ ಬಣ್ಣಕ್ಕೆ ಕೈ ಹಾಕಿದ್ದರಿಂದ ಆದ ತಪ್ಪು. ಆ ತೀರ್ಮಾನ ಸರಿಯಾಗಿದ್ದರೆ ಮೈಬಣ್ಣ ಸ್ವಲ್ಪ ಆಚೆ ಈಚೆ ಆದರೂ ಚಿತ್ರ ನಿಲ್ಲುತ್ತದೆ. ಅದು ತಪ್ಪಿದ್ದರೆ ಎಷ್ಟು ದುಬಾರಿ ಟ್ಯೂಬ್ ತಂದರೂ ನಿಲ್ಲುವುದಿಲ್ಲ.

ಒಂದೇ ಚಿತ್ರ ಇಟ್ಟುಕೊಂಡು ಮಾತಾಡೋಣ. ಕಿಟಕಿ ಪಕ್ಕ ನೆಲದ ಮೇಲೆ ಕುಳಿತು ಮಲ್ಲಿಗೆ ಮೊಗ್ಗು ಕಟ್ಟುತ್ತಿರುವ ಹೆಂಗಸು. ಎಡಗಡೆ ಕಿಟಕಿ. ಹಸಿರು ಕಾಟನ್ ಸೀರೆ. ಕೆಳಗೆ ರೆಡ್ ಆಕ್ಸೈಡ್ ನೆಲ. ಗೋಧಿ ಬಣ್ಣಕ್ಕಿಂತ ಸ್ವಲ್ಪ ಗಾಢವಾದ ಮೈ. ನನ್ನ ಚಿಕ್ಕಮ್ಮನನ್ನು ಹೀಗೇ ಕೂರಿಸಿ ಮೂರು ಸಲ ಬರೆದಿದ್ದೇನೆ. ಮೊದಲ ಎರಡೂ ಕೆಟ್ಟವು. ಎಲ್ಲಿ ಕೆಟ್ಟವು ಅನ್ನುವುದನ್ನೂ ಆಯಾ ಹಂತದಲ್ಲಿ ಹೇಳುತ್ತೇನೆ. ನಾನು ಬಳಸುವುದು ಆಯಿಲ್ ಬಣ್ಣ. ಅಕ್ರಿಲಿಕ್‌ನವರಿಗೂ ಹಂತಗಳು ಇವೇ. ವ್ಯತ್ಯಾಸ ಎರಡು: ಟರ್ಪೆಂಟೈನ್, ಎಣ್ಣೆಯ ಮಾತೆಲ್ಲ ಆಯಿಲ್ ಬಣ್ಣಕ್ಕೆ ಮಾತ್ರ, ಅಕ್ರಿಲಿಕ್ ತೆಳ್ಳಗಾಗುವುದು ನೀರಿನಲ್ಲಿ. ಮತ್ತೆ, ಅಕ್ರಿಲಿಕ್ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ, ಅದಕ್ಕೆ ಮೊದಲೇ ಲೆಕ್ಕ ಇಟ್ಟುಕೊಳ್ಳಿ.

## ಏನೇನು ಬೇಕು

ಬಣ್ಣ ಆರು ಸಾಕು: ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಒಂದು ಬಿಸಿ ಕೆಂಪು (ಕ್ಯಾಡ್ಮಿಯಂ ರೆಡ್ ಲೈಟ್ ಅಥವಾ ಅದರ ಹತ್ತಿರದ್ದು), ಅಲಿಝರಿನ್ ಕ್ರಿಮ್ಸನ್, ಅಲ್ಟ್ರಾಮರೀನ್ ನೀಲಿ. ಸೀರೆಗೆ ಒಂದು ಹಸಿರು ಬೇಕಾದರೆ ಸ್ಯಾಪ್ ಗ್ರೀನ್ ಇಟ್ಟುಕೊಳ್ಳಿ. ಇನ್ನೂ ಕಡಿಮೆ ಸಾಕು ಅನ್ನುವವರಿಗೆ ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್ ಇದೆ: ಬಿಳಿ, ಯೆಲ್ಲೋ ಓಕರ್, ವರ್ಮಿಲಿಯನ್ ಕೆಂಪು, ಐವರಿ ಬ್ಲ್ಯಾಕ್, ಅಷ್ಟೇ. ವರ್ಮಿಲಿಯನ್ ಬದಲು ಈಗ ಕ್ಯಾಡ್ಮಿಯಂ ಕೆಂಪು ಹಾಕುತ್ತಾರೆ. ಆ ನಾಲ್ಕರಲ್ಲಿ ಕಪ್ಪೇ ನೀಲಿಯ ಕೆಲಸ ಮಾಡುತ್ತದೆ.

ಅಂಗಡಿಯಲ್ಲಿ "ಫ್ಲೆಶ್ ಟಿಂಟ್" ಅಂತ ಸಿಗುವ ಟ್ಯೂಬ್ ಬೇಡ. ಅದು ನಮ್ಮ ಮೈಬಣ್ಣ ಅಲ್ಲ. ನಿಜ ಹೇಳಬೇಕೆಂದರೆ ಅದು ಯಾರ ಮೈಬಣ್ಣವೂ ಅಲ್ಲ, ಸುಮ್ನೆ ಒಂದು ಗುಲಾಬಿ ಪೇಸ್ಟ್.

ಬ್ರಷ್ ದೊಡ್ಡದಿರಲಿ. 8, 10, 12ನೇ ನಂಬರಿನ ಫ್ಲಾಟ್ ಅಥವಾ ಫಿಲ್ಬರ್ಟ್ (ಚಪ್ಪಟೆ, ಆದರೆ ತುದಿ ದುಂಡಗಿರುವ ಬ್ರಷ್), ಕೊನೆಗೆ ಒಂದೇ ಒಂದು ಸಣ್ಣದು. ಬೆಳಕಿಗೆ ಬೇರೆ ಬ್ರಷ್, ನೆರಳಿಗೆ ಬೇರೆ ಬ್ರಷ್. ಇದು ಕಡ್ಡಾಯ. ರಾಡಿ ಹುಟ್ಟುವುದೇ ಒಂದೇ ಬ್ರಷ್ ಎರಡೂ ಕಡೆ ಓಡಾಡಿದಾಗ. ಪ್ಯಾಲೆಟ್ ನೈಫ್, ಹಳೇ ಬನಿಯನ್ ಬಟ್ಟೆ, ಒಂದು ಕನ್ನಡಿ, ಚಾಕ್‌ಪೀಸ್, ಫೋನ್. ಪ್ಯಾಲೆಟ್ ಬಿಳಿಯದಾಗಿದ್ದರೆ ಅದರ ಮೇಲೆ ಎಲ್ಲ ಬಣ್ಣವೂ ಗಾಢವಾಗಿ ಕಾಣಿಸಿ ಮೋಸ ಮಾಡುತ್ತದೆ. ಗಾಜಿನ ಕೆಳಗೆ ಕಂದು ಕಾಗದ ಇಟ್ಟುಕೊಂಡರೆ ಒಳ್ಳೆಯದು.

## ಹಂತ 1: ಏನು ಕೆಟ್ಟಿದೆ ಅಂತ ಮೊದಲು ನೋಡಿ

ಹೊಸ ಕ್ಯಾನ್ವಾಸ್ ತೆಗೆಯುವ ಮೊದಲು ನಿಮ್ಮ ಹಿಂದಿನ ಚಿತ್ರವನ್ನು ಗೋಡೆಗೆ ಒರಗಿಸಿ. ಅದರ ಫೋಟೋ ತೆಗೆದು ಫೋನಿನಲ್ಲಿ ಕಪ್ಪು ಬಿಳುಪು ಮಾಡಿ. ಬಣ್ಣ ಹೋದ ಮೇಲೂ ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಗೊತ್ತಾಗಲಿಲ್ಲ, ಎಲ್ಲ ಒಂದೇ ಬೂದಿಯಾಗಿದೆ ಅಂದರೆ ನಿಮ್ಮ ತೊಂದರೆ ಬಣ್ಣದ್ದಲ್ಲ, ತಿಳಿ-ಗಾಢದ್ದು. ಕಪ್ಪು ಬಿಳುಪಿನಲ್ಲಿ ಚೆನ್ನಾಗಿ ಕಂಡು ಬಣ್ಣದಲ್ಲಿ ಮಾತ್ರ ಸತ್ತಂತೆ ಕಂಡರೆ ತೊಂದರೆ ಬಿಸಿ-ತಂಪಿನದ್ದು (ಹಳದಿ, ಕೆಂಪಿನ ಕಡೆ ವಾಲುವ ಬಣ್ಣ ಬಿಸಿ, ನೀಲಿಯ ಕಡೆ ವಾಲುವುದು ತಂಪು), ನೀವು ನೇರ 5ನೇ ಹಂತಕ್ಕೆ ಹೋದರೂ ನಡೆಯುತ್ತದೆ.

ಫೋನಿನ ಕಪ್ಪು ಬಿಳುಪನ್ನು ಪೂರ್ತಿ ನಂಬಬೇಡಿ. ಕಡು ಕೆಂಪನ್ನು ಅದು ಕಣ್ಣಿಗೆ ಕಾಣುವುದಕ್ಕಿಂತ ಗಾಢವಾಗಿಯೋ ತಿಳಿಯಾಗಿಯೋ ತೋರಿಸಬಹುದು. ಕಣ್ಣು ಕಿರಿದು ಮಾಡಿ ನೋಡುವುದೇ ಇದಕ್ಕಿಂತ ಒಳ್ಳೆಯ ಪರೀಕ್ಷೆ. ರೆಪ್ಪೆ ಅರ್ಧಕ್ಕಿಂತ ಜಾಸ್ತಿ ಮುಚ್ಚಿ, ಸಣ್ಣ ವಿವರಗಳೆಲ್ಲ ಕರಗಿ ದೊಡ್ಡ ದೊಡ್ಡ ತುಂಡುಗಳು ಮಾತ್ರ ಉಳಿಯಬೇಕು.

## ಹಂತ 2: ಬೆಳಕು ಒಂದೇ ಇರಲಿ

ಹಗಲಲ್ಲೂ ಟ್ಯೂಬ್‌ಲೈಟ್ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಆರಿಸಿ. ಕಿಟಕಿ ಒಂದನ್ನು ಬಿಟ್ಟು ಉಳಿದದ್ದಕ್ಕೆ ಬೆಡ್‌ಶೀಟ್ ಕಟ್ಟಿ, ಬಾಗಿಲು ಓರೆ ಮಾಡಿ. ಎರಡು ಕಡೆಯಿಂದ ಬೆಳಕು ಬಂದರೆ ನೆರಳು ಎರಡಾಗಿ ಒಡೆಯುತ್ತದೆ, ಮುಖದ ಉಬ್ಬು ತಗ್ಗು ಚಪ್ಪಟೆಯಾಗುತ್ತದೆ. ಅನುಭವಿಗಳಿಗೇ ಅದನ್ನು ಬಿಡಿಸುವುದು ಕಷ್ಟ, ಕಲಿಯುವವರ ಗತಿ ಏನು?

ಯುರೋಪಿನ ಪಾಠಗಳೆಲ್ಲ ಉತ್ತರದ ಕಿಟಕಿ ಹುಡುಕಿ ಅನ್ನುತ್ತವೆ, ಅಲ್ಲಿ ನೇರ ಬಿಸಿಲು ಬರುವುದಿಲ್ಲ, ಇಡೀ ದಿನ ಬೆಳಕು ಹೆಚ್ಚು ಬದಲಾಗುವುದಿಲ್ಲ ಅಂತ. ನಮ್ಮಲ್ಲಿ ಅದು ಅರ್ಧ ಸತ್ಯ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಹೊಡೆಯಬಹುದು. ಕಿಟಕಿಗೆ ಟ್ರೇಸಿಂಗ್ ಪೇಪರ್ ಅಥವಾ ತೆಳು ಬಿಳಿ ಪಂಚೆ ಕಟ್ಟಿದರೆ ಆ ತಲೆನೋವು ಇಲ್ಲ. ಬೇರೆ ದಿಕ್ಕಿನ ಕಿಟಕಿಯಾದರೆ ಎರಡು ಗಂಟೆಗಿಂತ ಜಾಸ್ತಿ ಒಂದೇ ಸಲ ಕೂರಬೇಡಿ. ಮರುದಿನ ಅದೇ ಹೊತ್ತಿಗೆ ಬನ್ನಿ. ಕೂತವರ ಮಣೆ, ನಿಮ್ಮ ಈಸೆಲ್ ಕಾಲು, ಎರಡರ ಸುತ್ತಲೂ ಚಾಕ್‌ಪೀಸಿನಲ್ಲಿ ಗುರುತು ಹಾಕಿಡಿ. ಅರ್ಧ ಗಂಟೆಗೊಮ್ಮೆ ಅವರಿಗೆ ಎದ್ದು ಓಡಾಡಲು ಬಿಡಿ, ಬೆನ್ನು ನೋವಿನಿಂದ ಬಾಗಿದ ದೇಹದ ಮೇಲೆ ಬೆಳಕೂ ಬೇರೆ ಥರ ಬೀಳುತ್ತದೆ.

ರಾತ್ರಿ ಮಾತ್ರ ಸಮಯ ಸಿಗುವವರು ಕೂತವರಿಗೆ ಒಂದು ದೀಪ, ಕ್ಯಾನ್ವಾಸಿಗೆ ಒಂದು ದೀಪ ಇಟ್ಟುಕೊಳ್ಳಿ. ಕ್ಯಾನ್ವಾಸಿನದು 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹತ್ತಿರದ, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 90ಕ್ಕಿಂತ ಮೇಲಿನ ಎಲ್‌ಇಡಿ ಆಗಿರಲಿ. 2700 ಕೆಲ್ವಿನ್ನಿನ ಹಳದಿ ಬಲ್ಬಿನ ಕೆಳಗೆ ಬರೆದ ಚಿತ್ರವನ್ನು ಬೆಳಿಗ್ಗೆ ಅಂಗಳಕ್ಕೆ ತಂದು ನೋಡಿದರೆ ಬೇರೆಯೇ ಚಿತ್ರ. ಪ್ಯಾಲೆಟ್ ಮೇಲೂ ಕ್ಯಾನ್ವಾಸ್ ಮೇಲೂ ಒಂದೇ ಬೆಳಕು ಬೀಳಬೇಕು ಅನ್ನುವುದನ್ನು ಮರೆಯಬೇಡಿ. ಸಣ್ಣ ಬಲ್ಬಾದರೆ ದೂರದ ಲೆಕ್ಕವೂ ಇದೆ: ಒಂದು ಮೀಟರಿನಿಂದ ಎರಡು ಮೀಟರಿಗೆ ಹೋದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ದೀಪದ ಹತ್ತಿರದ ಮುಖವನ್ನೂ ದೂರದ ಪಾದವನ್ನೂ ಒಂದೇ ತಿಳಿಯಲ್ಲಿ ಬರೆದರೆ ದೀಪವೇ ಸುಳ್ಳಾಗುತ್ತದೆ.

ಫೋಟೋ ನೋಡಿ ಬರೆಯುವವರು ಫೋನ್ ಕ್ಯಾಮೆರಾದ ಎಚ್‌ಡಿಆರ್ ಆಫ್ ಮಾಡಿ. ಅದು ನೆರಳನ್ನೆಲ್ಲ ಎತ್ತಿ ಚಪ್ಪಟೆ ಮಾಡುತ್ತದೆ. ಮುಖಕ್ಕೊಂದು, ನೆರಳಿಗೊಂದು ಅಂತ ಎಕ್ಸ್‌ಪೋಶರ್ ಬದಲಿಸಿ ಎರಡು ಮೂರು ಫೋಟೋ ತೆಗೆದಿಡಿ. ಫೋಟೋದ ಕಪ್ಪು ನೆರಳಿನೊಳಗೆ ಕಣ್ಣಿಗೆ ಕಾಣುವ ಬಣ್ಣ ಇರುವುದೇ ಇಲ್ಲ.

## ಹಂತ 3: ಎರಡು ಮನೆ ಕಟ್ಟಿ

ಎಲ್ಲದಕ್ಕಿಂತ ಮುಖ್ಯವಾದ ಹಂತ ಇದು, ಎಲ್ಲರೂ ಹಾರಿಸಿ ಹೋಗುವ ಹಂತವೂ ಇದೇ.

ಅಂಗೈಯಷ್ಟು ದೊಡ್ಡ ಕಾಗದದ ಮೇಲೆ ಪೆನ್ಸಿಲ್ ಅಥವಾ ಇದ್ದಿಲಿನಲ್ಲಿ ಚಿತ್ರ ಹಾಕಿ. ಎರಡೇ ಬಣ್ಣ: ಕಾಗದದ ಬಿಳಿ, ಇದ್ದಿಲಿನ ಕಪ್ಪು. ಬೆಳಕು ನೇರವಾಗಿ ತಾಕುವ ಜಾಗವೆಲ್ಲ ಬೆಳಕಿನ ಮನೆ. ತಾಕದ ಜಾಗವೆಲ್ಲ ನೆರಳಿನ ಮನೆ. ಮಧ್ಯದಲ್ಲಿ ಮೂರನೇ ಮನೆ ಇಲ್ಲ. ಯಾವ ಜಾಗ ಯಾವ ಮನೆಯದು ಅಂತ ಅನುಮಾನ ಬಂದರೆ ಪೆನ್ಸಿಲ್ಲನ್ನು ಆ ಜಾಗದ ಹತ್ತಿರ ಹಿಡಿಯಲು ಹೇಳಿ. ಅದರ ನೆರಳು ಅಲ್ಲಿ ಸ್ಪಷ್ಟವಾಗಿ ಬಿದ್ದರೆ ಅದು ಬೆಳಕಿನ ಮನೆ.

ಈಗ ನಿಯಮ: ಒಂದೇ ವಸ್ತುವಿನಲ್ಲಿ, ನೆರಳಿನ ಮನೆಯ ಅತಿ ತಿಳಿಯಾದ ಜಾಗವೂ ಬೆಳಕಿನ ಮನೆಯ ಅತಿ ಗಾಢವಾದ ಜಾಗಕ್ಕಿಂತ ಗಾಢವಾಗಿರಬೇಕು. ಹೊಳೆಯುವ ಒಡವೆ, ಒದ್ದೆ ಕಣ್ಣು ಬಿಟ್ಟರೆ ಮೈ ಮೇಲೆ ಇದು ತಪ್ಪುವುದು ಅಪರೂಪ.

ನನ್ನ ಮೊದಲ ಚಿತ್ರ ಕೆಟ್ಟಿದ್ದು ಮಲ್ಲಿಗೆಯಿಂದ. ಮೊಗ್ಗಿನ ರಾಶಿ ಇದ್ದದ್ದು ಚಿಕ್ಕಮ್ಮನ ಮಡಿಲಲ್ಲಿ, ಮೊಣಕೈ ನೆರಳಿನೊಳಗೆ. ಮಲ್ಲಿಗೆ ಬಿಳಿ ಅಲ್ವಾ, ನಾನು ಬಿಳಿಯೇ ಹಾಕಿದೆ. ಕೂಡಲೇ ಮಡಿಲಲ್ಲಿ ಬಲ್ಬು ಹೊತ್ತಿದ ಹಾಗಾಯಿತು, ಮುಖದ ಬೆಳಕು ಸತ್ತುಹೋಯಿತು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದರೆ ನೆರಳಿನ ಮೊಗ್ಗು ಬೆಳಕಿನಲ್ಲಿದ್ದ ಕಂದು ಹಣೆಗಿಂತ ಗಾಢವಾಗಿತ್ತು. ಬೂದು-ನೀಲಿ, ಒಂಚೂರು ಹಸಿರು. ದಾರ ಹಿಡಿದ ಕೈಯಲ್ಲಿದ್ದ ನಾಲ್ಕೈದು ಮೊಗ್ಗು ಮಾತ್ರ ಕಿಟಕಿ ಬೆಳಕಿಗೆ ಬಂದಿದ್ದವು, ನಿಜವಾದ ಬಿಳಿ ಅಲ್ಲಿ ಮಾತ್ರ. ಹೆಸರಿಗೆ ಬಿಳಿ ಅನ್ನುವ ಕಾರಣಕ್ಕೆ ಬಿಳಿ ಹಾಕಬೇಡಿ. ಹಲ್ಲು, ಕಣ್ಣಿನ ಬಿಳಿ, ಬಿಳಿ ಪಂಚೆ, ನರೆತ ಕೂದಲು, ಎಲ್ಲದರಲ್ಲೂ ಇದೇ ತಪ್ಪಾಗುತ್ತದೆ.

ಇಂಥ ಸಣ್ಣ ಚಿತ್ರ ಮೂರು ನಾಲ್ಕು ಹಾಕಿ. ಎರಡು ಮನೆಯೂ ಸಮ ಸಮ ಇದ್ದರೆ ಚಿತ್ರ ಸಪ್ಪೆ. ಒಂದು ದೊಡ್ಡದು, ಒಂದು ಚಿಕ್ಕದು ಇರಲಿ. ಕೂತವರನ್ನು ಕಿಟಕಿ ಕಡೆಗೆ ಅರ್ಧ ಅಡಿ ಸರಿಸಿದರೂ ಈ ಪಾಲು ಬದಲಾಗುತ್ತದೆ.

## ಹಂತ 4: ಬಿಳಿ ಕ್ಯಾನ್ವಾಸ್ ಮೇಲೆ ಶುರು ಮಾಡಬೇಡಿ

ಬರ್ನ್ಟ್ ಸಿಯೆನ್ನಾಗೆ ಸ್ವಲ್ಪ ಅಲ್ಟ್ರಾಮರೀನ್ ಸೇರಿಸಿ, ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಹಚ್ಚಿ ಬಟ್ಟೆಯಲ್ಲಿ ಒರೆಸಿ. ತಿಳಿಯೂ ಅಲ್ಲದ ಗಾಢವೂ ಅಲ್ಲದ ಕಂದು ನೆಲ, ಅಂದರೆ ಚಿತ್ರದ ಕೆಳಪದರ, ಸಿಗುತ್ತದೆ. ಬಿಳಿ ಕ್ಯಾನ್ವಾಸ್ ಮೇಲೆ ಯಾವ ಮೈಬಣ್ಣ ಇಟ್ಟರೂ ಕಪ್ಪಾಯಿತು ಅನಿಸಿ ಬಿಳಿ ಬೆರೆಸುತ್ತಾ ಹೋಗುತ್ತೇವೆ. ಸುಣ್ಣದ ಮುಖ ಹುಟ್ಟುವುದು ಅಲ್ಲಿಂದ. ಟರ್ಪೆಂಟೈನ್ ಬಳಸುವಾಗ ಗಾಳಿ ಆಡುತ್ತಿರಲಿ, ತಲೆ ಸುತ್ತಿದರೆ ನಿಲ್ಲಿಸಿ ಹೊರಗೆ ಬನ್ನಿ. ನೆಲ ಒಣಗಲು ಒಂದು ದಿನ ಬಿಡಿ.

## ಹಂತ 5: ಬ್ರಷ್ ಮುಟ್ಟುವ ಮೊದಲು ಬಣ್ಣದ ಗುಡ್ಡೆ ಮಾಡಿ

ಬೆಳಕು ಬಿಸಿಯಾಗಿದ್ದರೆ ನೆರಳು ತಂಪು, ಬೆಳಕು ತಂಪಾಗಿದ್ದರೆ ನೆರಳು ಬಿಸಿ. ನೇರ ಬಿಸಿಲು, ಹಳದಿ ಬಲ್ಬು, ಎಣ್ಣೆ ದೀಪ ಬಿಸಿ. ಆಕಾಶದಿಂದ ಕಿಟಕಿಗೆ ಬರುವ ಬೆಳಕು, ಮೋಡದ ದಿನ, ಇವು ತಂಪು. ಇಲ್ಲಿ ಬಿಸಿ-ತಂಪು ಅಂದರೆ ಒಂದನ್ನು ಇನ್ನೊಂದರ ಪಕ್ಕ ಇಟ್ಟು ಹೇಳುವ ಮಾತು. ನೆರಳು ತಂಪು ಅಂದ ಕೂಡಲೇ ಮುಖಕ್ಕೆ ನೀಲಿ ಬಳಿಯುವುದಲ್ಲ. ಬೆಳಕಿನ ಕಂದಿಗಿಂತ ನೆರಳಿನ ಕಂದು ಒಂದು ಹೆಜ್ಜೆ ನೀಲಿಯ ಕಡೆ ಹೋದರೆ ಸಾಕು.

ನಮ್ಮ ಚಿತ್ರದಲ್ಲಿ ಕಿಟಕಿ ಬೆಳಕು ತಂಪು, ಹಾಗಾಗಿ ನೆರಳು ಬಿಸಿ. ನೈಫಿನಲ್ಲಿ ಆರು ಗುಡ್ಡೆ ಮಾಡಿ. ಬೆಳಕಿಗೆ ಮೂರು, ನೆರಳಿಗೆ ಮೂರು, ಎರಡರ ನಡುವೆ ನಾಲ್ಕು ಬೆರಳು ಜಾಗ.

ಬೆಳಕಿನ ನಡುಗುಡ್ಡೆ: ಓಕರ್ ಎರಡು ಪಾಲು, ಬರ್ನ್ಟ್ ಸಿಯೆನ್ನಾ ಎರಡು ಪಾಲು, ಬಿಳಿ ಒಂದು ಪಾಲು, ಕೆಂಪು ಚಿಟಿಕೆ. ಇದು ಶುರು ಮಾಡುವುದಕ್ಕೆ ಅಷ್ಟೇ, ನಿಮ್ಮ ಎದುರಿಗೆ ಕೂತವರನ್ನು ನೋಡಿ ಬದಲಿಸಿ. ತಿಳಿಗುಡ್ಡೆಗೆ ಇನ್ನಷ್ಟು ಬಿಳಿ, ಜೊತೆಗೇ ಸ್ವಲ್ಪ ಓಕರ್. ಗಾಢಗುಡ್ಡೆಗೆ ಸಿಯೆನ್ನಾ ಜಾಸ್ತಿ, ಕೆಂಪು ಜಾಸ್ತಿ, ಬಿಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ನೆರಳಿನ ನಡುಗುಡ್ಡೆ: ಬರ್ನ್ಟ್ ಸಿಯೆನ್ನಾ ಮೂರು ಪಾಲು, ಅಲ್ಟ್ರಾಮರೀನ್ ಒಂದು ಪಾಲು, ಅಲಿಝರಿನ್ ಚಿಟಿಕೆ. ಅದರ ಗಾಢಗುಡ್ಡೆಗೆ ನೀಲಿಯೂ ಅಲಿಝರಿನ್ನೂ ಇನ್ನೊಂದಿಷ್ಟು. ತಿಳಿಗುಡ್ಡೆಗೆ ಓಕರ್ ಸೇರಿಸಿ, ಬಿಳಿ ಬೇಡ. ನೆರಳಿನ ಮನೆಗೆ ಬಿಳಿ ಹೊಕ್ಕ ಕೂಡಲೇ ಅಲ್ಲಿ ಮಂಜು ಕವಿದ ಹಾಗಾಗುತ್ತದೆ.

ಟೈಟೇನಿಯಂ ವೈಟ್ ತಿಳಿ ಮಾಡುವುದರ ಜೊತೆಗೆ ತಂಪೂ ಮಾಡುತ್ತದೆ, ಬಣ್ಣದ ಜೀವ ಹೀರುತ್ತದೆ. ಪ್ರತಿ ಸಲ ಬಿಳಿ ಸೇರಿಸಿದಾಗಲೂ ಓಕರ್ ಅಥವಾ ಕೆಂಪಿನಿಂದ ಸ್ವಲ್ಪ ಬಿಸಿ ವಾಪಸ್ ಕೊಡಿ. ಮೈಬಣ್ಣ ಗಾಢವಾದಷ್ಟೂ ಬಿಳಿ ಕಡಿಮೆ, ಸಿಯೆನ್ನಾ ಜಾಸ್ತಿ. ಕಪ್ಪು ಮೈಬಣ್ಣವನ್ನು ಕಪ್ಪು ಟ್ಯೂಬಿನಿಂದ ಬರೆಯಲು ಹೋಗಬೇಡಿ. ಅಂಥ ಮೈಯಲ್ಲಿ ಕೆಂಪು, ನೇರಳೆ, ನೀಲಿ ಎಲ್ಲ ಎಷ್ಟು ಚೆನ್ನಾಗಿ ಆಡುತ್ತವೆ ಅಂದರೆ, ನನಗೆ ಬರೆಯಲು ಅತಿ ಇಷ್ಟ ಅದೇ.

ಗುಡ್ಡೆ ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ನೈಫಿನ ತುದಿಯಲ್ಲಿ ಬಣ್ಣ ತೆಗೆದುಕೊಂಡು ಕೂತವರ ಕೆನ್ನೆ ಪಕ್ಕ, ಅದೇ ಬೆಳಕಿನಲ್ಲಿ ಹಿಡಿದು ಕಣ್ಣು ಕಿರಿದು ಮಾಡಿ. ಬಣ್ಣ ಕೆನ್ನೆಯೊಳಗೆ ಕರಗಿದ ಹಾಗೆ ಕಂಡರೆ ಸರಿ. ತಿಳಿಯಾಗಿ ಎದ್ದು ಕಂಡರೆ, ಸಾಮಾನ್ಯವಾಗಿ ಹಾಗೇ ಕಾಣುತ್ತದೆ, ಸಿಯೆನ್ನಾ ಸೇರಿಸಿ.

## ಹಂತ 6: ನೆರಳು ಮೊದಲು

ರೇಖೆ ಹಾಕಿಕೊಂಡು ನೆರಳಿನ ಮನೆಯನ್ನು ಪೂರ್ತಿ ಒಂದೇ ನಡುಗುಡ್ಡೆಯ ಬಣ್ಣದಿಂದ ತುಂಬಿ. ಕೂದಲು, ಕಣ್ಣಿನ ಗುಳಿ, ಮೂಗಿನ ಕೆಳಗೆ, ಗಲ್ಲದ ಕೆಳಗೆ, ಕುತ್ತಿಗೆ, ಎಲ್ಲ ಒಂದಕ್ಕೊಂದು ಸೇರಿಕೊಳ್ಳಲಿ. ಕಣ್ಣು, ರೆಪ್ಪೆ ಈಗ ಬೇಡ. ಬಣ್ಣ ತೆಳ್ಳಗಿರಲಿ, ಕೆಳಗಿನ ಕಂದು ನೆಲ ಅಲ್ಲಲ್ಲಿ ಇಣುಕಲಿ. ನೆರಳು ತೆಳುವಾಗಿ ಪಾರದರ್ಶಕವಾಗಿದ್ದರೆ ಆಳ ಬರುತ್ತದೆ, ದಪ್ಪವಾಗಿ ಮೆತ್ತಿದರೆ ಗೋಡೆಯ ತೇಪೆಯ ಹಾಗೆ ಮುಂದಕ್ಕೆ ಬರುತ್ತದೆ.

ಐದು ಹೆಜ್ಜೆ ಹಿಂದೆ ಹೋಗಿ ನೋಡಿ. ಮುಖವೇ ಬರೆಯದಿದ್ದರೂ ಇಲ್ಲಿ ಒಬ್ಬರು ಕುಳಿತಿದ್ದಾರೆ, ಬೆಳಕು ಎಡಗಡೆಯಿಂದ ಬರುತ್ತಿದೆ ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮುಂದೆ ಹೋಗಬೇಡಿ, 3ನೇ ಹಂತಕ್ಕೆ ವಾಪಸ್ ಹೋಗಿ. ಇಲ್ಲಿ ಕಳೆದ ಹತ್ತು ನಿಮಿಷ ಆಮೇಲಿನ ಹತ್ತು ದಿನ ಉಳಿಸುತ್ತದೆ.

## ಹಂತ 7: ಬೆಳಕಿನ ಮನೆ

ಈಗ ಬೇರೆ ಬ್ರಷ್. ಬೆಳಕಿನ ನಡುಗುಡ್ಡೆಯಿಂದ ಶುರು ಮಾಡಿ, ತಿಳಿಗುಡ್ಡೆಯನ್ನು ಆದಷ್ಟು ತಡ ಮಾಡಿ. ಹಣೆಯಿಂದ ಪಾದದವರೆಗೆ ಬೆಳಕು ಒಂದೇ ಸಮ ಇರುವುದಿಲ್ಲ. ನಮ್ಮ ಚಿತ್ರದಲ್ಲಿ ಕಿಟಕಿಗೆ ಹತ್ತಿರದ ಹಣೆ, ಎಡಗೆನ್ನೆ ಎಲ್ಲಕ್ಕಿಂತ ತಿಳಿ. ಎಡ ಭುಜ ಒಂದು ಹೆಜ್ಜೆ ಕೆಳಗೆ. ಮಡಿಲಿನ ಕೈ ಇನ್ನೂ ಒಂದು ಹೆಜ್ಜೆ ಕೆಳಗೆ. ಅತಿ ತಿಳಿ ಜಾಗ ಒಂದೇ ಇರಲಿ.

ಮುಖದ ಬಣ್ಣವೂ ಒಂದೇ ಅಲ್ಲ. ಹಣೆ ಸ್ವಲ್ಪ ಹಳದಿಗೆ ವಾಲುತ್ತದೆ. ಕೆನ್ನೆ, ಮೂಗಿನ ತುದಿ, ಕಿವಿ ಕೆಂಪಿಗೆ ವಾಲುತ್ತವೆ, ಅಲ್ಲಿ ರಕ್ತ ಚರ್ಮಕ್ಕೆ ಹತ್ತಿರ. ಗಡ್ಡ ಬೋಳಿಸಿದ ಗಂಡಸರ ದವಡೆ ನೀಲಿ-ಬೂದಿಗೆ. ನಮ್ಮವರ ಮುಖದಲ್ಲಿ ಕಣ್ಣಿನ ಸುತ್ತ ಒಂಚೂರು ನೇರಳೆ ಕಂದು ಇರುತ್ತದೆ, ಬೆರಳ ಗೆಣ್ಣು, ಮೊಣಕೈ ಗಾಢ, ಅಂಗೈ ತಿಳಿ ಗುಲಾಬಿ. ದಾರ ಎಳೆಯುವ ಚಿಕ್ಕಮ್ಮನ ಬೆರಳುಗಳನ್ನು ಒಂದೇ ಕಂದಿನಲ್ಲಿ ಬರೆದಾಗ ಅವು ಕ್ಯಾರೆಟ್ ತುಂಡುಗಳ ಹಾಗಿದ್ದವು. ಪ್ರತಿ ಗೆಣ್ಣಿನ ಮೇಲೆ ಗಾಢಗುಡ್ಡೆಯ ಒಂದು ಸಣ್ಣ ಗುರುತು, ಬೆರಳ ತುದಿಗೆ ಸ್ವಲ್ಪ ಕೆಂಪು, ಇಷ್ಟು ಹಾಕಿದ ಮೇಲೆ ಅವು ಕೆಲಸ ಮಾಡಿದ ಕೈ ಆದವು.

ಇವೆಲ್ಲ ಸಣ್ಣ ವಾಲುವಿಕೆ. ತಿಳಿ-ಗಾಢ ಬದಲಾಗದೆ ಬಣ್ಣ ಮಾತ್ರ ಅತ್ತ ಇತ್ತ ಹೋಗಬೇಕು. ಕೆನ್ನೆಗೆ ಕೆಂಪು ಹಾಕಿದಾಗ ಕೆನ್ನೆ ಗಾಢವಾಗಿ ಗುಳಿ ಬಿದ್ದ ಹಾಗೆ ಕಂಡರೆ ಕೆಂಪು ಜಾಸ್ತಿಯಾಯಿತು ಅಂತ ಅರ್ಥ.

## ಹಂತ 8: ಎರಡು ಮನೆಯ ಗಡಿ

ಬೆಳಕು ತಿರುಗಿ ನೆರಳಾಗುವ ಆ ಸಣ್ಣ ಪಟ್ಟಿಯಲ್ಲೇ ಜಾಸ್ತಿ ಚಿತ್ರಗಳು ಸಾಯುತ್ತವೆ. ಬೆಳಕಿನ ಬಣ್ಣ, ನೆರಳಿನ ಬಣ್ಣ ಎರಡನ್ನೂ ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ಬೆರೆಸುತ್ತಾರೆ. ಸಿಗುವುದು ಬೂದು. ಆದರೆ ಚರ್ಮ ಕಲ್ಲಲ್ಲ. ಬೆಳಕು ಅದರೊಳಗೆ ಸ್ವಲ್ಪ ದೂರ ಹೊಕ್ಕು ಕೆಂಪಾಗಿ ಹೊರಬರುತ್ತದೆ. ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳುಗಳು ಕೆಂಡದ ಹಾಗೆ ಕಾಣುತ್ತವಲ್ಲ, ಅದೇ. ಹಾಗಾಗಿ ಗಡಿಯಲ್ಲಿ ಬಣ್ಣ ಅಕ್ಕಪಕ್ಕದ ಎರಡಕ್ಕಿಂತಲೂ ಕಡು ಕೆಂಪು-ಕಂದಾಗಿ ಇರಬೇಕು.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದಾಗ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರದ ಮುಂದೆ ನಿಂತು ಕೈಬೆರಳುಗಳನ್ನು ನೋಡಿ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಒಳಗಿಂದ ಕೆಂಪು ಸೋಸಿ ಬರುತ್ತದೆ. ಎಲ್ಲರೂ ಮುಖ ನೋಡಿ ಮುಂದೆ ಹೋಗುತ್ತಾರೆ, ದೀಪ ಉರಿಯುತ್ತಿದೆ ಅಂತ ನಮ್ಮನ್ನು ನಂಬಿಸುವುದು ಆ ಬೆರಳುಗಳೇ.

ಮಾಡುವ ರೀತಿ ಹೀಗೆ: ಬೆಳಕಿನ ಗಾಢಗುಡ್ಡೆಗೆ ಚಿಟಿಕೆ ಕೆಂಪು ಸೇರಿಸಿ, ಗಡಿಯ ಉದ್ದಕ್ಕೂ ಒಂದೊಂದೇ ಗೀಟು ಪಕ್ಕ ಪಕ್ಕ ಇಡಿ. ಉಜ್ಜಬೇಡಿ. ಆಮೇಲೆ ಒಣ, ಶುಭ್ರ ಬ್ರಷ್‌ನಿಂದ ಒಂದೇ ಸಲ ಮೆಲ್ಲಗೆ ಸವರಿ ಬಿಡಿ. ಒಂದೇ ಜಾಗಕ್ಕೆ ನಾಲ್ಕನೇ ಸಲ ಬ್ರಷ್ ಹೋಗುತ್ತಿದೆ ಅಂದರೆ ಅದು ಅಪಾಯದ ಸೂಚನೆ. ನಿಲ್ಲಿಸಿ, ನೈಫಿನಲ್ಲಿ ಕೆರೆದು ಹೊಸದಾಗಿ ಇಡಿ.

## ಹಂತ 9: ನೆರಳಿನೊಳಗೆ ನೆಲ, ಸೀರೆ, ಗೋಡೆ

ನೆರಳಿನ ಮನೆಗೆ ಕಿಟಕಿ ಬೆಳಕು ನೇರವಾಗಿ ಬರುವುದಿಲ್ಲ, ಆದರೆ ಸುತ್ತಲಿನ ವಸ್ತುಗಳಿಗೆ ಬಡಿದು ಬರುತ್ತದೆ. ಬರುವಾಗ ಅವುಗಳ ಬಣ್ಣ ಹೊತ್ತು ತರುತ್ತದೆ. ರೆಡ್ ಆಕ್ಸೈಡ್ ನೆಲ ಮುಂಗೈ ತಳಕ್ಕೆ, ದವಡೆ ಕೆಳಗೆ ಕೆಂಪು ಎರಚುತ್ತದೆ. ಹಸಿರು ಸೀರೆ ಮೊಣಕೈ ಒಳಮಡಿಕೆಗೆ, ಗಲ್ಲಕ್ಕೆ ಹಸಿರು ಕೊಡುತ್ತದೆ. ನೆರಳಿನ ತಿಳಿಗುಡ್ಡೆಗೆ ನೆಲದ ಬಣ್ಣವನ್ನೋ ಸ್ಯಾಪ್ ಗ್ರೀನನ್ನೋ ಒಂಚೂರು ಬೆರೆಸಿ ಆ ಜಾಗಗಳಲ್ಲಿ ಇಟ್ಟು ನೋಡಿ. ಅಲ್ಲಿಯವರೆಗೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದ ವ್ಯಕ್ತಿ ಆ ಕೋಣೆಯಲ್ಲೇ ಕುಳಿತ ಹಾಗೆ ಕಾಣುತ್ತಾರೆ.

ಇಲ್ಲಿ ಖುಷಿಯಲ್ಲಿ ಕೈ ಜಾರುತ್ತದೆ. ನನ್ನ ಎರಡನೇ ಚಿತ್ರ ಕೆಟ್ಟಿದ್ದು ಇಲ್ಲೇ. ದವಡೆ ಕೆಳಗಿನ ಕೆಂಪು ಎಷ್ಟು ಚೆನ್ನಾಗಿ ಕಂಡಿತೆಂದರೆ ಅದನ್ನು ತಿಳಿ ಮಾಡುತ್ತಾ ಹೋದೆ. ಕೊನೆಗೆ ನೆಲದೊಳಗೆ ಯಾರೋ ದೀಪ ಇಟ್ಟ ಹಾಗಾಗಿ, ಗಲ್ಲ ಚಪ್ಪಟೆಯಾಯಿತು. ಎರಡು ಮನೆಯ ನಿಯಮ ನೆನಪಿರಲಿ: ಎರಚಿದ ಬಣ್ಣ ಎಷ್ಟೇ ಕಡುವಾಗಿರಲಿ, ನೆರಳಿನ ಗಾಢತೆಯೊಳಗೇ ಇರಬೇಕು. ಕಣ್ಣು ಕಿರಿದು ಮಾಡಿದಾಗ ಅದು ಕಾಣೆಯಾಗಬೇಕು.

## ಹಂತ 10: ಅಂಚು, ಕೊನೆಗೆ ಹೊಳಪು

ಎಲ್ಲ ಅಂಚೂ ಬ್ಲೇಡಿನಲ್ಲಿ ಕತ್ತರಿಸಿದ ಹಾಗಿದ್ದರೆ ಬೆಳಕು ಹರಿಯುವುದಿಲ್ಲ. ಗುಂಡಗೆ ತಿರುಗುವ ಕೆನ್ನೆಯ ನೆರಳಿಗೆ ಮೆತ್ತನೆ ಅಂಚು. ಮೂಗು ಕೆನ್ನೆ ಮೇಲೆ ಬೀಳಿಸುವ ನೆರಳಿಗೆ ಮೂಗಿನ ಬುಡದಲ್ಲಿ ಚೂಪು, ದೂರ ಹೋದಂತೆ ಮೆತ್ತಗೆ. ಕಪ್ಪು ಕೂದಲು ಕತ್ತಲೆ ಗೋಡೆಗೆ ಸೇರುವಲ್ಲಿ ಅಂಚೇ ಬೇಡ, ಬೆರಳಿನಲ್ಲಿ ಸವರಿ ಅಳಿಸಿ. ಒಂದೆರಡು ಕಡೆ ಹೀಗೆ ಅಂಚು ಕಳೆದುಕೊಳ್ಳುವ ಧೈರ್ಯ ಮಾಡಿ.

ಹೊಳಪು ಎಲ್ಲಕ್ಕಿಂತ ಕೊನೆಗೆ. ಮೊದಲೇ ಹಾಕಿದರೆ ಅದಕ್ಕೆ ಹೊಂದಿಸಲು ಉಳಿದದ್ದನ್ನೆಲ್ಲ ತಿಳಿ ಮಾಡುತ್ತಾ ಹೋಗುತ್ತೀರಿ. ಹೊಳಪಿನ ಬಣ್ಣ ಬೆಳಕಿನದು, ಚರ್ಮದ್ದಲ್ಲ. ಕಿಟಕಿ ಬೆಳಕಿನಲ್ಲಿ ಅದು ತಂಪು, ಬಿಳಿಗೆ ಒಂದು ಎಳೆ ಅಲ್ಟ್ರಾಮರೀನ್. ಗಾಢ ಮೈಬಣ್ಣದ ಮೇಲೆ ಈ ನೀಲಿ ಹೊಳಪು ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ. ಹಣೆ, ಮೂಗಿನ ತುದಿ, ಕೆಳತುಟಿ, ಮೂಗುತಿ. ನಾಲ್ಕು ಗುರುತು ಇಟ್ಟು ಎರಡನ್ನು ಒರೆಸಿಬಿಡಿ. ಆಮೇಲೆ ಕನ್ನಡಿಯಲ್ಲಿ ಚಿತ್ರ ನೋಡಿ. ಎಡ ಬಲ ಅದಲು ಬದಲಾದಾಗ ಕಣ್ಣಿಗೆ ಒಗ್ಗಿಹೋಗಿದ್ದ ತಪ್ಪು ತಟ್ಟನೆ ಕಾಣುತ್ತದೆ.

## ಹಂತ 11: ಈಗಾಗಲೇ ಒಣಗಿದ ಚಿತ್ರವನ್ನು ಸರಿ ಮಾಡುವುದು

ಮೊದಲು ಚಿತ್ರ ನಿಜಕ್ಕೂ ಕೆಟ್ಟಿದೆಯಾ ನೋಡಿ. ಒಣಗಿದ ಮೇಲೆ ಗಾಢ ಜಾಗಗಳು, ಮುಖ್ಯವಾಗಿ ಕಂದು ನೆರಳು, ಎಣ್ಣೆ ಒಳಗೆ ಹೀರಿಕೊಂಡು ಮಂಕಾಗಿ ಬೂದು ಬೂದು ಕಾಣುತ್ತವೆ. ಮುಟ್ಟಿದರೆ ಅಂಟದಷ್ಟು ಒಣಗಿದ್ದರೆ, ಅಲ್ಲಿಗೆ ಲಿನ್ಸೀಡ್ ಎಣ್ಣೆಯನ್ನು ಬಹಳ ತೆಳ್ಳಗೆ ಸವರಿ, ಬಟ್ಟೆಯಲ್ಲಿ ಪೂರ್ತಿ ಒರೆಸಿ. ಬಣ್ಣ ವಾಪಸ್ ಬಂದರೆ ತಪ್ಪು ನಿಮ್ಮದಲ್ಲ, ಏನೂ ಮಾಡಬೇಡಿ.

ಬೆಳಕಿನ ಭಾಗ ಸುಣ್ಣವಾಗಿದ್ದರೆ ಬರ್ನ್ಟ್ ಸಿಯೆನ್ನಾಗೆ ಚಿಟಿಕೆ ಅಲಿಝರಿನ್ ಸೇರಿಸಿ, ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಗ್ಲೇಜ್ (ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಪದರ) ಎಳೆಯಿರಿ, ಆಮೇಲೆ ಅತಿ ತಿಳಿ ಜಾಗದಿಂದ ಮಾತ್ರ ಒರೆಸಿ ತೆಗೆಯಿರಿ. ನೆರಳು ಮಸಿಯಾಗಿದ್ದರೆ ಗ್ಲೇಜ್ ಕೆಲಸ ಮಾಡುವುದಿಲ್ಲ, ಅದು ಇನ್ನೂ ಗಾಢ ಮಾಡುತ್ತದೆ. ಅಲ್ಲಿ ಸಿಯೆನ್ನಾ-ಓಕರ್ ಬೆರಕೆಯನ್ನು ಒಣ ಬ್ರಷ್‌ನಲ್ಲಿ ತೆಳ್ಳಗೆ ಉಜ್ಜಿ. ಎರಡು ಮನೆಯೇ ಬೆರೆತುಹೋಗಿದ್ದರೆ ಗ್ಲೇಜಿನಿಂದಲೂ ಉಪಯೋಗವಿಲ್ಲ. ಆ ಜಾಗದ ನೆರಳಿನ ಆಕಾರವನ್ನು ಹೊಸದಾಗಿ ಬರೆಯಲೇಬೇಕು, ಸಂಕಟ ಪಡಬೇಡಿ, ಬರೆಯಿರಿ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಜಾಸ್ತಿ ಇರಬೇಕು, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಒಣಗಿದ ಕ್ಯಾಡ್ಮಿಯಂ ಬಣ್ಣವನ್ನು ಮರಳುಕಾಗದದಲ್ಲಿ ಉಜ್ಜಬೇಡಿ, ಆ ಪುಡಿ ಉಸಿರಿಗೆ ಹೋಗಬಾರದು.

## ಕೆಲಸ ಮುಗಿದ ಮೇಲೆ

ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಉಂಡೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹೊರಗೆ ನೆರಳಲ್ಲಿ ಬಿಡಿಸಿ ಒಣಹಾಕಿ, ಅಥವಾ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ವಾರ್ನಿಷ್‌ಗೆ ಆತುರ ಬೇಡ, ಆರು ತಿಂಗಳಿಂದ ಒಂದು ವರ್ಷ ಬಿಡುವುದು ವಾಡಿಕೆ. ಅಲ್ಲಿಯವರೆಗೆ ಚಿತ್ರವನ್ನು ಬೀರುವಿನ ಹಿಂದೆ ಮುಚ್ಚಿಡಬೇಡಿ. ಕತ್ತಲಲ್ಲಿ ಲಿನ್ಸೀಡ್ ಎಣ್ಣೆ ಹಳದಿಗೆ ತಿರುಗುತ್ತದೆ, ನೀವು ಇಷ್ಟು ಕಷ್ಟಪಟ್ಟು ಇಟ್ಟ ಆ ತಂಪು ಹೊಳಪಿನಲ್ಲೇ ಅದು ಮೊದಲು ಕಾಣುತ್ತದೆ. ನೇರ ಬಿಸಿಲು ಬೀಳದ, ಆದರೆ ಹಗಲು ಬೆಳಕು ಬರುವ ಗೋಡೆಗೆ ನೇತುಹಾಕಿ.